ಕ್ಯಾಸಲ್‌ಮೈನ್, ಮಾಲ್ಡನ್ ಕಡೆ ಹಳೆ ಮನೆ ಕೊಳ್ಳುವ ಮುನ್ನ

ಹಳೆ ಮನೆ ನೋಡಲು ಹೋದವರ ಕಣ್ಣು ಮೊದಲು ಬೀಳುವುದು ವರಾಂಡದ ಕಬ್ಬಿಣದ ಕುಸುರಿಯ ಮೇಲೆ. ಬೀಳಬೇಕಾದ್ದು ಗೋಡೆಯ ಬುಡದ ಮೇಲೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಈ ಭಾಗದಲ್ಲಿ 1851ರಲ್ಲಿ ಚಿನ್ನ ಸಿಕ್ಕಿತು. ಮುಂದಿನ ಕೆಲವು ದಶಕಗಳಲ್ಲಿ ಕಟ್ಟಿದ ಇಟ್ಟಿಗೆ, ಕಲ್ಲು, ಮರದ ಹಲಗೆಯ ಮನೆಗಳು ಇಂದಿಗೂ ನಿಂತಿವೆ. ಅವನ್ನು ಕೆಡಿಸುವುದು ಬರೀ ವಯಸ್ಸಲ್ಲ. ಬಹಳ ಸಲ ಈಚಿನ ರಿಪೇರಿಯೇ ಕೆಡಿಸಿರುತ್ತದೆ. ಮಾರಾಟಕ್ಕೆಂದು ತರಾತುರಿಯಲ್ಲಿ ಸಿಂಗರಿಸಿದ ಮನೆಗಿಂತ ಬಣ್ಣ ಉದುರಿದ್ದರೂ ಯಾರೂ ಕೈ ಹಾಕದ ಮನೆ ಎಷ್ಟೋ ಮೇಲು.

ಮನೆ ನೋಡುವ ಮೊದಲು ಕಾಗದ ನೋಡಿ. ಸರ್ಕಾರದ ವಿಕ್‌ಪ್ಲಾನ್ ನಕ್ಷೆಯಲ್ಲಿ ವಿಳಾಸ ಹಾಕಿದರೆ ಆ ಜಾಗಕ್ಕೆ ಯಾವ ಯಾವ ಓವರ್‌ಲೇ, ಅಂದರೆ ವಿಶೇಷ ಕಟ್ಟುಪಾಡು, ಇದೆ ಎಂಬ ವರದಿ ಪುಕ್ಕಟೆ ಸಿಗುತ್ತದೆ. ಮಾಲ್ಡನ್ ಊರನ್ನು ಪಾರಂಪರಿಕ ಕಟ್ಟಡಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ 1966ರಲ್ಲೇ ಆಸ್ಟ್ರೇಲಿಯಾದ ಮೊದಲ 'ನೋಟಬಲ್ ಟೌನ್' ಎಂದು ಸಾರಿತು. ಅಂಥ ಕಡೆ ಹೆರಿಟೇಜ್ ಓವರ್‌ಲೇ ಇರುತ್ತದೆ ಎಂದುಕೊಂಡೇ ಹೊರಡಿ. ಅದು ಇದ್ದರೆ ಕೆಡವಲು, ಕಟ್ಟಲು, ಹೊರಗೋಡೆಗೆ ಗಿಲಾವು ಮಾಡಲು, ಮರಳು ಊದಿ ಉಜ್ಜಲು, ಬಣ್ಣವೇ ಕಾಣದ ಇಟ್ಟಿಗೆಗೆ ಬಣ್ಣ ಬಳಿಯಲು ಕೌನ್ಸಿಲ್‌ನ ಪರ್ಮಿಟ್ ಬೇಕು. ಮೊದಲೇ ಬಣ್ಣವಿರುವ ಗೋಡೆಗೆ ಬೇರೆ ಬಣ್ಣ ಹಚ್ಚಲು, ಒಳಗೆ ಬದಲಾವಣೆ ಮಾಡಲು, ಮರ ಕಡಿಯಲು ಪರ್ಮಿಟ್ ಬೇಕೇ ಎಂಬುದು ಆ ಓವರ್‌ಲೇಯ ಶೆಡ್ಯೂಲ್‌ನಲ್ಲಿ ಇರುತ್ತದೆ. ಆ ಸಾಲನ್ನು ಹುಡುಕಿ ಓದಿ. ಮನೆ ವಿಕ್ಟೋರಿಯನ್ ಹೆರಿಟೇಜ್ ರಿಜಿಸ್ಟರ್‌ನಲ್ಲಿದ್ದರೆ ಬಿಗಿ ಇನ್ನೂ ಹೆಚ್ಚು. ಅಲ್ಲಿ ಅನುಮತಿ ಕೊಡುವುದು ಹೆರಿಟೇಜ್ ವಿಕ್ಟೋರಿಯಾ ಎಂಬ ರಾಜ್ಯ ಸಂಸ್ಥೆ.

ಅದೇ ವರದಿಯಲ್ಲಿ ಬುಷ್‌ಫೈರ್ ಮ್ಯಾನೇಜ್‌ಮೆಂಟ್ ಓವರ್‌ಲೇ, ನೆರೆಹಾವಳಿಯ ಓವರ್‌ಲೇ ಇವೆಯೇ ನೋಡಿಕೊಳ್ಳಿ. ಕಾಡ್ಗಿಚ್ಚಿನ ಅಪಾಯವನ್ನು ಬಾಲ್ (ಬುಷ್‌ಫೈರ್ ಅಟ್ಯಾಕ್ ಲೆವೆಲ್) ಎಂಬ ಅಳತೆಯಲ್ಲಿ ಹೇಳುತ್ತಾರೆ: ಲೋ, 12.5, 19, 29, 40, ಕೊನೆಗೆ ಫ್ಲೇಮ್ ಝೋನ್. ಹಿಂದೊಂದು ಕೋಣೆ ಸೇರಿಸುವ ಆಸೆಯಿದ್ದರೆ ಈ ಅಂಕಿಯೇ ಕಿಟಕಿಯ ಗಾಜಿನಿಂದ ಹಿಡಿದು ಎಲ್ಲದರ ಖರ್ಚನ್ನು ಏರಿಸುತ್ತದೆ. ಸಹಿಗೆ ಮುಂಚೆಯೇ ವಿಮೆಯ ಕೊಟೇಶನ್ ತೆಗೆದುಕೊಳ್ಳಿ. ಹಳೆ ಕಾಲದ ಕಟ್ಟುಗಾರಿಕೆಯಲ್ಲೇ ಮತ್ತೆ ಕಟ್ಟಲು ತಗಲುವ ಮೊತ್ತಕ್ಕೆ ವಿಮೆ ಇರಬೇಕು. ಹೊಸ ಮನೆಯ ಲೆಕ್ಕದಲ್ಲಿ ಮಾಡಿಸಿದ ವಿಮೆ ಕಷ್ಟಕಾಲದಲ್ಲಿ ಅರ್ಧದಾರಿಗೆ ಕೈಬಿಡುತ್ತದೆ.

ಈ ಸೀಮೆಗೇ ಸೇರಿದ ಇನ್ನೊಂದು ವಿಷಯ ನೆಲದಡಿಯದು. ಹಳೆ ಗಣಿಬಾವಿಗಳು ಹಿತ್ತಲಲ್ಲೂ ಇರಬಹುದು. ಗೊತ್ತಿರುವ ಗಣಿಗಳು ಸರ್ಕಾರದ ಜಿಯೋವಿಕ್ ನಕ್ಷೆಯಲ್ಲಿವೆ. ನೆಲ ಬಟ್ಟಲಿನಂತೆ ತಗ್ಗಿದ್ದರೆ ನಕ್ಷೆಯಲ್ಲಿ ಏನೂ ಕಾಣದಿದ್ದರೂ ವಿಚಾರಿಸಿ. ಇಲ್ಲಿಯ ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಎಂಬ ವಿಷ ಇರುತ್ತದೆ. ಅದಿರು ಅರೆದು ಉಳಿದ ಮರಳನ್ನು ತಗ್ಗು ತುಂಬಲು, ದಾರಿಗೆ ಹಾಸಲು ಬಳಸಿದ್ದೂ ಉಂಟು. ಮಣ್ಣಿನ ಪರೀಕ್ಷೆ ಮಾಡಿಸದೆ ಅದರಲ್ಲಿ ತರಕಾರಿ ಬೆಳೆಯಬೇಡಿ, ಕೋಳಿ ಬಿಡಬೇಡಿ. ಎತ್ತರದ ಪಾತಿ ಕಟ್ಟಿ ಕೊಂಡು ತಂದ ಮಣ್ಣು ತುಂಬುವುದು ಸುಲಭದ ದಾರಿ.

ಈಗ ಗೋಡೆಯ ಬುಡಕ್ಕೆ ಬರೋಣ. ನೆಲದಿಂದ ಸುಮಾರು 1 ಮೀಟರ್ ಎತ್ತರದವರೆಗೆ ಬಿಳಿ ಉಪ್ಪು ಒಡೆದಿದ್ದರೆ, ಬಣ್ಣ ಹೊಪ್ಪಳೆಯೆದ್ದಿದ್ದರೆ ನೆಲದ ನೀರು ಗೋಡೆಯೊಳಗೆ ಏರುತ್ತಿದೆ. ಬಹಳ ಹಳೆಯ ಗೋಡೆಗಳಲ್ಲಿ ತೇವ ತಡೆಯುವ ಪದರವೇ ಇರುವುದಿಲ್ಲ, ಇದ್ದರೂ ಸವೆದಿರುತ್ತದೆ. ಆದರೂ ಅವು ಇಷ್ಟು ವರ್ಷ ನಿಂತದ್ದು ಸುಣ್ಣದ ಗಾರೆಯಿಂದ. ಏರಿದ ನೀರು ಮೆತ್ತನೆಯ ಗಾರೆಯ ಸಂದಿಯಿಂದ ಆವಿಯಾಗಿ ಹೊರಹೋಗುತ್ತಿತ್ತು. ಆಮೇಲೆ ಯಾರೋ ಸಂದಿಗೆ ಸಿಮೆಂಟ್ ಮೆತ್ತುತ್ತಾರೆ, ಹೊರಗೆ ಕಾಂಕ್ರೀಟ್ ದಾರಿ ಹಾಕುತ್ತಾರೆ, ಹೂವಿನ ಪಾತಿ ಎತ್ತರಿಸಿ ನೆಲದಡಿಯ ಗಾಳಿಕಿಂಡಿ ಮುಚ್ಚುತ್ತಾರೆ. ದಾರಿ ಕಾಣದ ನೀರು ಮೇಲಕ್ಕೇರುತ್ತದೆ, ಇಲ್ಲವೇ ಇಟ್ಟಿಗೆಯ ಮೈಯಿಂದಲೇ ಹೊರಬರುತ್ತದೆ. ಉಪ್ಪು ಹರಳುಗಟ್ಟಿ ಇಟ್ಟಿಗೆ ಪುಡಿಯಾಗುತ್ತದೆ, ಸಿಮೆಂಟ್ ಮಾತ್ರ ಗಟ್ಟಿಯಾಗಿ ಮುಂದೆ ಚಾಚಿಕೊಂಡು ನಿಲ್ಲುತ್ತದೆ. ಒಂದು ಕೀಲಿಕೈಯಿಂದ ಸಂದಿ ಕೆರೆದು ನೋಡಿ. ಸುಣ್ಣವಾದರೆ ಪುಡಿ ಬರುತ್ತದೆ, ಸಿಮೆಂಟಾದರೆ ಕೀಲಿಕೈಯೇ ಸವೆಯುತ್ತದೆ.

ಸರಿಪಡಿಸುವಾಗ ಅನುಕ್ರಮ ಮುಖ್ಯ. ಮೊದಲು ಸೂರಿನಂಚಿನ ದೋಣಿ (ಗಟರ್), ಇಳಿಪೈಪು ಸರಿಮಾಡಿ ಮಳೆನೀರನ್ನು ಗೋಡೆಯಿಂದ ದೂರ ಸಾಗಿಸಿ. ಆಮೇಲೆ ಹೊರಗಿನ ಮಣ್ಣನ್ನು ಗಾಳಿಕಿಂಡಿಯ ಕೆಳಕ್ಕೆ ಇಳಿಸಿ. ಆಮೇಲೆ ಸಿಮೆಂಟ್ ಕೆತ್ತಿ ಸುಣ್ಣದ ಗಾರೆ ತುಂಬಿಸಿ. ಬಳಿಕ ಕಾಯಿರಿ. ಗೋಡೆ ಅಂದಾಜು ತಿಂಗಳಿಗೆ 25 ಮಿಲಿಮೀಟರ್ ದಪ್ಪದಂತೆ ಒಣಗುತ್ತದೆ, ಅಂದರೆ 230 ಮಿಲಿಮೀಟರ್ ಗೋಡೆಗೆ ಹತ್ತಿರ ಹತ್ತಿರ ಒಂದು ವರ್ಷ. ಇಷ್ಟಾದ ಮೇಲೂ ನೀರು ಏರುತ್ತಿದ್ದರೆ ಮಾತ್ರ ರಾಸಾಯನಿಕ ಚುಚ್ಚಿ ಹೊಸ ಪದರ ಮಾಡಿಸುವ ಯೋಚನೆ. ಮೊದಲ ದಿನವೇ ಚುಚ್ಚುಮದ್ದು ಮಾರಲು ಬರುವವರಿಗೆ ಸೊಪ್ಪು ಹಾಕಬೇಡಿ.

ಬಿರುಕುಗಳಲ್ಲಿ 1 ಮಿಲಿಮೀಟರ್‌ಗಿಂತ ಸಣ್ಣವಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 5 ದಾಟಿದರೆ ಸ್ಟ್ರಕ್ಚರಲ್ ಇಂಜಿನಿಯರ್ ಬರಬೇಕು. ಜೇಡಿನೆಲ ಒಣಗಿ ಕುಗ್ಗುವುದು, ದೊಡ್ಡ ಮರ ನೀರು ಹೀರುವುದು, ಒಡೆದ ಪೈಪು ಒಂದೇ ಮೂಲೆಯನ್ನು ನೆನೆಸುವುದು ಸಾಮಾನ್ಯ ಕಾರಣಗಳು. ಕಾರಣ ತಿಳಿಯದೆ ಬಿರುಕು ತುಂಬಿದರೆ ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ.

ಮರದ ನೆಲ ಹೊತ್ತಿರುವುದು ಸ್ಟಂಪ್ ಎಂಬ ಗಿಡ್ಡ ಕಂಬಗಳು, ಹಳೆಯವು ಬಹುಪಾಲು ರೆಡ್‌ಗಮ್ ಮರದವು. ಅವು ಕೊಳೆಯುವುದು ಮಣ್ಣಿಗೆ ತಾಗುವ ಜಾಗದಲ್ಲಿ. ನೆಲದ ಮೇಲೆ ಗೋಲಿ ಇಟ್ಟು ನೋಡಿ, ಬಾಗಿಲುಗಳು ಚೌಕಟ್ಟಿಗೆ ಸರಿಯಾಗಿ ಕೂರುತ್ತವೆಯೇ ನೋಡಿ. ಕಟ್ಟಡ ಮತ್ತು ಗೆದ್ದಲಿನ ತಪಾಸಣೆ ಮಾಡುವವರು ನೆಲದಡಿಗೂ ಸೂರಿನೊಳಕ್ಕೂ ನುಸುಳಿ ನೋಡಿದರೇ ಎಂದು ಕೇಳಿ. 'ಪ್ರವೇಶ ಸಾಧ್ಯವಾಗಲಿಲ್ಲ' ಎಂದು ಬರೆದ ವರದಿಯಿಂದ ಅರ್ಧ ಪ್ರಯೋಜನವೂ ಇಲ್ಲ. ಸ್ಟಂಪ್ ಬದಲಿಸಿ ಮನೆ ಎತ್ತಿದಾಗ ಗಿಲಾವು ಬಿರಿಯುತ್ತದೆ. ಆದ್ದರಿಂದ ಬಣ್ಣ, ಹೊಸ ಅಡುಗೆಮನೆ ಎಲ್ಲ ಅದಾದ ಮೇಲೆಯೇ.

ಸೂರಿನ ತಗಡಿನಲ್ಲಿ ಬಹಳ ಜನ ಎಡವುವುದು ಇಲ್ಲಿ: ಜಿಂಕಲ್ಯೂಮ್ ಅಥವಾ ಕಲರ್‌ಬಾಂಡ್ ಎಂಬ ಈಚಿನ ತಗಡಿನ ಹೊದಿಕೆಯಿಂದ ಇಳಿದ ನೀರು ಸತುವಿನ ಕಲಾಯಿ ಹಾಕಿದ ದೋಣಿಗೆ ಬಿದ್ದರೆ ದೋಣಿ ಬೇಗ ತುಕ್ಕು ಹಿಡಿಯುತ್ತದೆ. ಹೆರಿಟೇಜ್ ಮನೆಗೆ ಕಲಾಯಿ ತಗಡೇ ಒಪ್ಪುವುದು. ಹಾಕಿಸುವುದಾದರೆ ಸೂರು, ದೋಣಿ ಎರಡಕ್ಕೂ ಅದನ್ನೇ ಹಾಕಿಸಿ. ಎರಡು ಸೂರು ಸೇರುವ ನಡುವೆ ಬಾಕ್ಸ್ ಗಟರ್ ಇದ್ದರೆ ಅದರ ಕೆಳಗಿನ ಚಾವಣಿಯಲ್ಲಿ ಕಂದು ಕಲೆ ಹುಡುಕಿ. ಒಂದು ಹಿಡಿ ಎಲೆ ಕಟ್ಟಿಕೊಂಡರೂ ಅದು ಒಳಕ್ಕೆ ಉಕ್ಕುತ್ತದೆ.

ಹಿಂದುಗಡೆ ಆಮೇಲೆ ಸೇರಿಸಿದ ಬಚ್ಚಲು, ಲಾಂಡ್ರಿಗಳ ಗೋಡೆ ಆಸ್ಬೆಸ್ಟಾಸ್ ಹಾಳೆ ಇರಬಹುದು. ಅದು ದೇಶದಲ್ಲಿ ಪೂರ್ತಿ ನಿಷೇಧವಾದದ್ದು 2003ರ ಡಿಸೆಂಬರ್ 31ಕ್ಕೆ. ಸುಸ್ಥಿತಿಯಲ್ಲಿದ್ದರೆ ಕದಲಿಸಬೇಡಿ, ತೂತು ಕೊರೆಯಬೇಡಿ. 1970ಕ್ಕೆ ಹಿಂದಿನ ಬಣ್ಣದಲ್ಲಿ ಸೀಸ ಇದೆಯೆಂದೇ ತಿಳಿದು ಒಣದಾಗಿ ಉಜ್ಜಬೇಡಿ. ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಸೂರಿಗೆ ಹಳೆ ಬಣ್ಣವೋ ಸೀಸದ ಪಟ್ಟಿಯೋ ಇದ್ದರೆ ಅದರಿಂದ ತುಂಬುವ ತೊಟ್ಟಿಯ ನೀರು ಕುಡಿಯಬೇಡಿ. ಹಳೆ ವೈರಿಂಗ್, ಪಿಂಗಾಣಿ ಫ್ಯೂಸ್ ಕಂಡರೆ ಪೂರ್ತಿ ಬದಲಿಸುವ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ. ಮನೆ ಸಾರ್ವಜನಿಕ ಒಳಚರಂಡಿಗೆ ಸೇರಿದೆಯೋ ಸೆಪ್ಟಿಕ್ ಟ್ಯಾಂಕೋ ಕೇಳಿ. ಮಣ್ಣಿನ ಪೈಪಾದರೆ ಒಳಗೆ ಕ್ಯಾಮೆರಾ ಬಿಡಿಸಿ, ಬೇರು ಹೊಕ್ಕಿರುತ್ತದೆ.

ಒಪ್ಪಂದದ ಜೊತೆ ಮಾರುವವರು ಸೆಕ್ಷನ್ 32 ಹೇಳಿಕೆ, ಅಂದರೆ ಆಸ್ತಿಯ ವಿವರಗಳ ಪತ್ರ, ಕೊಡಲೇಬೇಕು. ಅದನ್ನು ನಿಮ್ಮ ಕನ್ವೆಯನ್ಸರ್ (ಆಸ್ತಿ ಖರೀದಿಯ ಕಾನೂನು ಕಾಗದ ನೋಡಿಕೊಳ್ಳುವವರು) ಸಹಿಗೆ ಮುಂಚೆ ಓದಬೇಕು, ಆಮೇಲಲ್ಲ. ಹಿಂದಿನ 7 ವರ್ಷಗಳ ಕಟ್ಟಡ ಪರ್ಮಿಟ್‌ಗಳು ಅದರಲ್ಲಿರಬೇಕು. ಹೊಸ ಬಚ್ಚಲು, ಹೊಸ ಡೆಕ್ ಕಣ್ಣೆದುರಿಗಿದ್ದು ಪರ್ಮಿಟ್ ಇಲ್ಲದಿದ್ದರೆ ಏಕೆಂದು ಕೇಳಿ. ಮಾಲೀಕರೇ ಮುಂದೆ ನಿಂತು ಓನರ್-ಬಿಲ್ಡರ್ ಆಗಿ ಕೆಲಸ ಮಾಡಿ ಆರೂವರೆ ವರ್ಷದೊಳಗೆ ಮಾರುತ್ತಿದ್ದರೆ ದೋಷಗಳ ವರದಿ ಕೊಡಬೇಕು. ಹಳೆ ಬೇಲಿ ಹಕ್ಕುಪತ್ರದ ಗಡಿಯ ಮೇಲೇ ಇದೆ ಎಂದು ನಂಬಬೇಡಿ, ಟೇಪು ಹಿಡಿದು ಅಳೆಯಿರಿ. ವಿಕ್ಟೋರಿಯಾದಲ್ಲಿ 15 ವರ್ಷದ ಅನುಭೋಗದಿಂದ ಪಕ್ಕದವರಿಗೆ ಹಕ್ಕು ಹುಟ್ಟಬಹುದು. ವ್ಯತ್ಯಾಸ ಕಂಡರೆ ಲೈಸೆನ್ಸ್ ಇರುವ ಸರ್ವೇಯರನ್ನು ಕರೆಸಿ.

ಖಾಸಗಿ ಮಾರಾಟದಲ್ಲಿ ಸಹಿ ಹಾಕಿದ ಮೇಲೆ 3 ಪೂರ್ಣ ಕೆಲಸದ ದಿನಗಳ ಒಳಗೆ ಹಿಂದೆ ಸರಿಯಬಹುದು. ಆಗ ಬೆಲೆಯ 0.2% ಅಥವಾ 100 ಡಾಲರ್, ಯಾವುದು ಹೆಚ್ಚೋ ಅದನ್ನು ಬಿಡಬೇಕು. 6,00,000 ಡಾಲರ್ ಮನೆಗೆ 1,200 ಡಾಲರ್. ಹರಾಜಿನಲ್ಲಿ ಈ ಅವಕಾಶವಿಲ್ಲ. ಹರಾಜಿಗೆ 3 ಕೆಲಸದ ದಿನ ಮೊದಲಿನಿಂದ 3 ದಿನ ಆಮೇಲಿನವರೆಗೆ ಸಹಿ ಹಾಕಿದರೂ ಇಲ್ಲ. ಖಾಸಗಿ ಮಾರಾಟದಲ್ಲಿ ಸಾಲ ಸಿಕ್ಕರೆ, ತಪಾಸಣೆ ಒಪ್ಪಿಗೆಯಾದರೆ ಎಂಬ ಷರತ್ತುಗಳನ್ನು ಬರೆಸಿ. ಹರಾಜಿಗೆ ಹೋಗುವವರು ತಪಾಸಣೆಯನ್ನೂ ಸಾಲದ ಒಪ್ಪಿಗೆಯನ್ನೂ ಮೊದಲೇ ಮುಗಿಸಿಕೊಂಡು ಹೋಗಬೇಕು.

ಮೊದಲ ಮನೆ ಕೊಳ್ಳುವ ಅರ್ಹರಿಗೆ 6,00,000 ಡಾಲರ್‌ವರೆಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, 7,50,000ದವರೆಗೆ ರಿಯಾಯಿತಿ ಇದೆ. ಹಳೆ ಮನೆಗೂ ಇದು ಅನ್ವಯ. ರಿಯಾಯಿತಿ ಏನೂ ಇಲ್ಲದವರು 6,00,000ದ ಮನೆಗೆ 31,070 ಡಾಲರ್ ತೆರಬೇಕು. 10,000 ಡಾಲರ್‌ನ ಫಸ್ಟ್ ಹೋಮ್ ಓನರ್ ಗ್ರ್ಯಾಂಟ್ ಮಾತ್ರ ಹೊಸ ಮನೆಗೆ, ಹಳೆಯದಕ್ಕಿಲ್ಲ. ತಾತ್ಕಾಲಿಕ ವೀಸಾದಲ್ಲಿರುವವರು ಗಮನಿಸಿ: 2025ರ ಏಪ್ರಿಲ್ 1ರಿಂದ ವಿದೇಶಿಯರು, ಕೆಲವು ವಿನಾಯಿತಿಗಳ ಹೊರತು, ಹಳೆ ಮನೆ ಕೊಳ್ಳುವಂತಿಲ್ಲ. ಪರ್ಮನೆಂಟ್ ರೆಸಿಡೆಂಟ್‌ಗಳಿಗೆ ಈ ತಡೆಯಿಲ್ಲ. ಕೊಂಡು ಬೀಗ ಹಾಕಿಡುವ ಆಲೋಚನೆ ಬೇಡ. 2025ರಿಂದ ಇಡೀ ವಿಕ್ಟೋರಿಯಾದಲ್ಲಿ ವರ್ಷಕ್ಕೆ 6 ತಿಂಗಳಿಗಿಂತ ಹೆಚ್ಚು ಖಾಲಿಯಿದ್ದ ಮನೆಗೆ ತೆರಿಗೆ ಇದೆ, ಮೊದಲ ವರ್ಷ ಆಸ್ತಿಯ ಮೌಲ್ಯದ 1%, ಆಮೇಲೆ 2%, 3%.

ವಾಸಕ್ಕೆ ಬಂದ ಮೇಲೆ ಮೊದಲ ಚಳಿಗಾಲ ಬಿಸಿಗಾಗಿ ಕಷ್ಟಪಡುತ್ತೀರಿ. ಇಲ್ಲಿ ಇಬ್ಬನಿ ಹೆಪ್ಪುಗಟ್ಟುವ ಬೆಳಗುಗಳಿವೆ. ಚಾವಣಿಯ ಮೇಲೆ ಇನ್ಸುಲೇಷನ್ ಹಾಸುವುದು, ಬಳಸದ ಚಿಮಣಿಗೆ ಅಡ್ಡ ಹಾಕುವುದು, ಬಾಗಿಲಡಿಯ ಸಂದಿ ಮುಚ್ಚುವುದು ಮೊದಲ ಕೆಲಸಗಳು. ನೆಲದಡಿಯ ಗಾಳಿಕಿಂಡಿಯನ್ನು ಮಾತ್ರ ಚಳಿಯೆಂದು ಮುಚ್ಚಲೇಬೇಡಿ. ಸೌದೆ ಒಲೆಯಾದರೆ ಬೇಸಿಗೆಯಲ್ಲೇ ಒಣಸೌದೆ ತರಿಸಿ, ಚಿಮಣಿಯನ್ನು ವರ್ಷಕ್ಕೊಮ್ಮೆ ಗುಡಿಸಿ. ಕ್ಯಾಸಲ್‌ಮೈನ್‌ನಿಂದ ಮೆಲ್ಬರ್ನ್‌ಗೆ ವಿ-ಲೈನ್ ರೈಲಿನಲ್ಲಿ ಸುಮಾರು ಒಂದೂವರೆ ತಾಸು. ಮಾಲ್ಡನ್‌ಗೆ ರೈಲೆಂದರೆ ಪ್ರವಾಸಿಗರ ಉಗಿಬಂಡಿ ಮಾತ್ರ, ಆದ್ದರಿಂದ ಅಲ್ಲಿ ಕಾರು ಬೇಕೇ ಬೇಕು. ಹೊಸ ರೋಗಿಗಳನ್ನು ತೆಗೆದುಕೊಳ್ಳುವ ಡಾಕ್ಟರ್ ಯಾರೆಂದು ಮನೆ ಬದಲಿಸುವ ಮುಂಚೆಯೇ ಫೋನ್ ಮಾಡಿ ಹೆಸರು ಬರೆಸಿ.

ಅಕ್ಟೋಬರ್, ನವೆಂಬರ್‌ನಲ್ಲಿ ದೋಣಿಯ ಎಲೆ ತೆಗೆಯಿರಿ, ಹುಲ್ಲು ಕತ್ತರಿಸಿ, ಸೌದೆ ರಾಶಿಯನ್ನು ಗೋಡೆಯಿಂದ ದೂರ ಸರಿಸಿ, ವಿಕ್‌ಎಮರ್ಜೆನ್ಸಿ ಆ್ಯಪ್‌ನಲ್ಲಿ ನಿಮ್ಮ ಊರನ್ನು ಗುರುತು ಹಾಕಿ. ಬೆಂಕಿ ಅಪಾಯದ ಸೂಚನೆ ನಾಲ್ಕು ಹಂತ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕ್ಯಾಟಸ್ಟ್ರೋಫಿಕ್. ಕೊನೆಯದು ಬಂದ ದಿನ ಹೊಗೆ ಕಾಣುವವರೆಗೆ ಕಾಯದೆ ಹಿಂದಿನ ರಾತ್ರಿಯೋ ಬೆಳಗಿನ ಜಾವವೋ ಹೊರಟುಬಿಡಿ. ಯಾರ ಮನೆಗೆ, ಯಾವ ದಾರಿಯಲ್ಲಿ ಎಂಬುದನ್ನು ನವೆಂಬರ್‌ನಲ್ಲೇ ಮನೆಮಂದಿಯೆಲ್ಲ ಕೂತು ಬರೆದಿಡಿ.