ಕನ್ವಿನ್ಸ್ ಮಾಡಿದೆ, ಆದ್ರೆ ಒಪ್ಪಲಿಲ್ಲ: ಈ ತಪ್ಪನ್ನು ತಿದ್ದಿಕೊಳ್ಳುವುದು ಹೇಗೆ?

"ಎಷ್ಟು ಕನ್ವಿನ್ಸ್ ಮಾಡಿದ್ರೂ ಅವರು ಒಪ್ಪಲೇ ಇಲ್ಲ." ಕನ್ನಡದಲ್ಲಿ ನಾವೆಲ್ಲ ಹೀಗೆ ಮಾತಾಡುತ್ತೇವೆ, ಯಾರಿಗೂ ಗೊಂದಲ ಆಗುವುದಿಲ್ಲ. ಇದನ್ನೇ 'ಐ ಕನ್ವಿನ್ಸ್ಡ್ ಹಿಮ್, ಬಟ್ ಹಿ ಡಿಡ್ ನಾಟ್ ಅಗ್ರೀ' ಎಂದು ಇಂಗ್ಲಿಷಿನಲ್ಲಿ ಬರೆದರೆ ಓದಿದವರು ತಬ್ಬಿಬ್ಬಾಗುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬರುವವರು, ಜೊತೆಗೆ ಸ್ಪ್ಯಾನಿಷ್ ಕಲಿಯುತ್ತಿರುವವರು ಕೂಡ ಇಲ್ಲೇ ಎಡವುವುದನ್ನು ನೋಡಿದ್ದೇನೆ. ಅವರು ಕಲಿತ ಸ್ಪ್ಯಾನಿಷ್ಷೇ ಇದಕ್ಕೆ ಒಳ್ಳೆಯ ಮದ್ದು.

ಮೊದಲು ಹತ್ತು ಕ್ರಿಯಾಪದ ಬರೆದುಕೊಳ್ಳಿ. ಬೇರೆಯವರ ಮನಸ್ಸು ತಿರುಗಿಸುವುದಕ್ಕೆ ಪರ್ಸ್ವೇಡ್, ಕನ್ವಿನ್ಸ್, ಅರ್ಜ್ (ಒತ್ತಾಯಿಸು), ಕೋಕ್ಸ್ (ಪುಸಲಾಯಿಸು), ಕಂಪೆಲ್ (ಬಲವಂತವಾಗಿ ಮಾಡಿಸು), ಡಿಸ್ವೇಡ್ (ಬೇಡವೆಂದು ಮನಸ್ಸು ತಿರುಗಿಸು). ಪ್ರಯತ್ನಕ್ಕೆ ಸ್ಟ್ರೈವ್ (ಶ್ರಮಪಡು), ಸ್ಟ್ರಗಲ್ (ಹೆಣಗಾಡು), ಪರ್ಸಿವಿಯರ್ (ಬಿಡದೆ ಮುಂದುವರಿಸು), ಮ್ಯಾನೇಜ್ (ಹೇಗೋ ಸಾಧಿಸು). ಹತ್ತೇ ಸಾಕು. ತಿಂಗಳಲ್ಲಿ ಸಾವಿರ ಪದ ಕಲಿಸುವ ಪಟ್ಟಿಗಳನ್ನು ಮುಟ್ಟಬೇಡಿ. ನೋಟ್‌ಬುಕ್ಕಿನಲ್ಲೇ ಬರೆಯಿರಿ, ಫೋನಿನಲ್ಲಿ ಬೇಡ.

ಈಗ ಕಷ್ಟದ ಹಂತ. ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ 'ಕೆಲಸ ಆಯಿತು', ಬಲಕ್ಕೆ 'ಆಯಿತೋ ಇಲ್ಲವೋ ಗೊತ್ತಿಲ್ಲ' ಎಂದು ಬರೆಯಿರಿ. ಪರ್ಸ್ವೇಡ್, ಕನ್ವಿನ್ಸ್, ಕಂಪೆಲ್, ಡಿಸ್ವೇಡ್, ಮ್ಯಾನೇಜ್ ಎಡಕ್ಕೆ ಬರುತ್ತವೆ. ಅರ್ಜ್, ಸ್ಟ್ರೈವ್, ಸ್ಟ್ರಗಲ್, ಪರ್ಸಿವಿಯರ್ ಬಲಕ್ಕೆ. ಕೋಕ್ಸ್ ಅನ್ನು ಗೆರೆಯ ಮೇಲೇ ಇಡಿ: ಸುಮ್ನೆ ಕೋಕ್ಸ್ ಅಂದರೆ ಪುಸಲಾಯಿಸಿದ್ದಷ್ಟೇ, 'ಇಂಟು' ಸೇರಿದರೆ ಕೆಲಸವೂ ಆಯಿತು.

ಎಡಗಡೆಯ ಪದ ಬಳಸಿದ ಮೇಲೆ 'ಬಟ್' ಹಾಕಿ ಅದನ್ನೇ ಅಲ್ಲಗಳೆಯುವ ಹಾಗಿಲ್ಲ. ಪರೀಕ್ಷೆ ಕನ್ನಡದಲ್ಲೇ ಇದೆ. 'ಕನ್ವಿನ್ಸ್ ಮಾಡಿದೆ' ತೆಗೆದು 'ಒಪ್ಪಿಸಿದೆ' ಹಾಕಿ ನೋಡಿ. 'ಒಪ್ಪಿಸಿದೆ, ಆದ್ರೆ ಒಪ್ಪಲಿಲ್ಲ' ಅನ್ನಲು ನಾಲಿಗೆಯೇ ಹಿಂಜರಿಯುತ್ತದೆ, ಅಲ್ವಾ? ಇಂಗ್ಲಿಷಿನ ಕನ್ವಿನ್ಸ್ ನಮ್ಮ ಒಪ್ಪಿಸು, ನಂಬಿಸು ಇದ್ದಂತೆ. ನಮ್ಮ ಬಾಯಲ್ಲಿರುವ 'ಕನ್ವಿನ್ಸ್ ಮಾಡು' ಬೇರೆಯದೇ ಪದ, ಅದಕ್ಕೆ ಹೇಳಿ ನೋಡು ಎಂದಷ್ಟೇ ಅರ್ಥ.

ಸ್ಪ್ಯಾನಿಷ್ ಇದನ್ನು ಇನ್ನೂ ಗಟ್ಟಿ ಮಾಡುತ್ತದೆ. ಅಲ್ಲಿ ಕನ್ವಿನ್ಸ್‌ಗೆ ಕೊಂಬೆನ್ಸೆರ್. ಅದರ ಹೊಟ್ಟೆಯಲ್ಲಿ ಬೆನ್ಸೆರ್ ಇದೆ, ಅಂದರೆ ಗೆಲ್ಲು. ಎರಡೂ ಭಾಷೆಯ ಪದ ಬಂದಿರುವುದು ಒಂದೇ ಲ್ಯಾಟಿನ್ ಮೂಲದಿಂದ. ಗೆದ್ದೆ ಅಂದ ಮೇಲೆ ಸೋತೆ ಅನ್ನಲಾಗದು. ಸೋತಿದ್ದರೆ 'ಐ ಟ್ರೈಡ್ ಟು ಕನ್ವಿನ್ಸ್ ಹಿಮ್' ಎನ್ನಿ. ಪ್ರಯತ್ನಕ್ಕೂ ಇದೇ ಲೆಕ್ಕ: ಇಂತೆಂತಾರ್ ಅಂದರೆ ಟ್ರೈ, ಲೊಗ್ರಾರ್ ಅಂದರೆ ಮ್ಯಾನೇಜ್ ಟು, ಸಾಧಿಸಿದ್ದಾಯಿತು.

ಮುಂದಿನ ಹಂತ, ಪದವನ್ನು ಅದರ ಬಾಲದ ಸಮೇತ, ಅಂದರೆ ಜೊತೆಗೆ ಬರುವ ಪುಟ್ಟ ಪದದ ಸಮೇತ ಬರೆಯುವುದು. ಸ್ಪ್ಯಾನಿಷಿನ ದಿಸ್ವಾದಿರ್ ಜೊತೆ 'ದೆ' ಬರುತ್ತದೆ, ಡಿಸ್ವೇಡ್ ಜೊತೆ 'ಫ್ರಮ್'. ಸ್ಪ್ಯಾನಿಷಿನ ಒಬ್ಲಿಗಾರ್ ಜೊತೆ 'ಆ', ಕಂಪೆಲ್ ಜೊತೆ 'ಟು'. ಇಲ್ಲಿ ಜೋಡಿ ಸಲೀಸು. ಇನ್‌ಫ್ಲುಯೆನ್ಸ್ ಮಾತ್ರ ಮೋಸ ಮಾಡುತ್ತದೆ. ಸ್ಪ್ಯಾನಿಷಿನಲ್ಲಿ 'ಇನ್‌ಫ್ಲುಯಿರ್ ಎನ್', ಕನ್ನಡದಲ್ಲಿ 'ನನ್ನ ಮೇಲೆ ಪ್ರಭಾವ ಬೀರಿತು'. ಎರಡೂ ಸೇರಿ ನಿಮ್ಮನ್ನು 'ಇನ್‌ಫ್ಲುಯೆನ್ಸ್ಡ್ ಆನ್ ಮಿ' ಕಡೆಗೆ ಎಳೆಯುತ್ತವೆ. ಕ್ರಿಯಾಪದವಾದಾಗ ಅದಕ್ಕೆ ಬಾಲವೇ ಇಲ್ಲ: 'ಇನ್‌ಫ್ಲುಯೆನ್ಸ್ಡ್ ಮಿ'.

ಇನ್ನೆರಡು ಸ್ಪ್ಯಾನಿಷ್ ಪದ ಕೆಂಪು ಶಾಯಿಯಲ್ಲಿ ಬರೆದಿಡಿ. ಪ್ರೆತೆಂದೆರ್ ಅಂದರೆ ಉದ್ದೇಶ ಇಟ್ಟುಕೊಳ್ಳುವುದು, ಪ್ರಿಟೆಂಡ್ ಅಲ್ಲ. ಪ್ರೊಕುರಾರ್ ಅಂದರೆ ಸಾಮಾನ್ಯವಾಗಿ ಪ್ರಯತ್ನಿಸುವುದು, ಪ್ರೊಕ್ಯೂರ್‌ನಂತೆ ವಸ್ತು ತರಿಸುವುದಲ್ಲ. ಒಂದು ಪದಕ್ಕೆ ಒಂದೇ ಅರ್ಥ ಕೊಡುವ ಕಾರ್ಡು, ಆ್ಯಪ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಇಂಥ ಪದಗಳಲ್ಲಿ ಅವು ದಾರಿ ತಪ್ಪಿಸುತ್ತವೆ. ಸ್ಟ್ರೈವ್, ಸ್ಟ್ರೋವ್, ಸ್ಟ್ರಿವನ್ ರೂಪಗಳನ್ನು ಬಾಯಿಪಾಠ ಮಾಡಿ, ಅಷ್ಟೇ.

ಅಭ್ಯಾಸಕ್ಕೆ ಮನೆಯ ಒಂದೇ ಸಂಗತಿ ಹಿಡಿಯಿರಿ. ಅಪ್ಪನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕಳಿಸಬೇಕು ಅಂದುಕೊಳ್ಳಿ. ಸೋಮವಾರ ಅರ್ಜ್ ಮಾಡಿದಿರಿ, ಅವರು ಕೇಳಲಿಲ್ಲ. ಬುಧವಾರ ಅಮ್ಮ ಕೋಕ್ಸ್ ಮಾಡಿದರು. ಶನಿವಾರ ಮೊಮ್ಮಗಳು ಪರ್ಸ್ವೇಡ್ ಮಾಡಿದಳು, ಅವರು ಹೋಗಿ ಬಂದರು. ಈ ಮೂರು ವಾಕ್ಯವನ್ನು ಇಂಗ್ಲಿಷಿನಲ್ಲಿ ಒಮ್ಮೆ, ಸ್ಪ್ಯಾನಿಷಿನಲ್ಲಿ ಒಮ್ಮೆ ಬರೆದು ಗಟ್ಟಿಯಾಗಿ ಓದಿ. ನಾಳೆ ಸಂಗತಿ ಬದಲಿಸಿ.