ರಾತ್ರಿ ಎಂಟಕ್ಕೆ ಅಡುಗೆಮನೆ ಮುಚ್ಚಿದ ಮೇಲೆ

ತೂಕ ಇಳಿಸಲು ಹದಿನಾರು ಗಂಟೆಯ ಉಪವಾಸ ಹಿಡಿದ ಮೊದಲ ದಿನ ಎದುರಾದ ಕಷ್ಟ ಹಸಿವಿನದಲ್ಲ, ಉಪ್ಪಿನದು. ಬೆಳಗ್ಗೆ ಏಳಕ್ಕೆ ಒಲೆಯ ಮುಂದೆ ನಿಂತಿದ್ದೇನೆ, ಮಧ್ಯಾಹ್ನ ಹನ್ನೆರಡರವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಕುದಿಯುತ್ತಿರುವ ಪಾತ್ರೆಗೆ ಉಪ್ಪು ಸಾಕೋ ಬೇಕೋ ಯಾರು ಹೇಳಬೇಕು? ಸೌಟಿನಿಂದ ಅಂಗೈಗೆ, ಅಂಗೈಯಿಂದ ನಾಲಿಗೆಗೆ ಹೋಗುವುದು ಇಪ್ಪತ್ತು ವರ್ಷಗಳ ರೂಢಿ. ಅಂಗೈ ತುಟಿಯ ಹತ್ತಿರ ಬಂದಾಗ ಉಪವಾಸ ನೆನಪಾಯಿತು, ನಲ್ಲಿಯ ಕೆಳಗೆ ಕೈ ಒಡ್ಡಿದೆ. ಮಾರನೆಯ ದಿನದಿಂದ ಉಪ್ಪು ನೋಡುವ ಹುದ್ದೆಗೆ 13 ವರ್ಷದ ಮಗಳನ್ನು ನೇಮಿಸಿದೆ. ಶಾಲೆಗೆ ಹೊತ್ತಾದ ದಿನಗಳಲ್ಲಿ ಅವಳು ರುಚಿಯನ್ನೇ ನೋಡದೆ "ಸರಿಯಾಗಿದೆ ಅಮ್ಮ" ಎನ್ನುತ್ತಿದ್ದಳು ಎಂಬುದು ತಿಳಿಯಲು ಒಂದು ತಿಂಗಳು ಹಿಡಿಯಿತು.

ನಾಲಿಗೆಗೆ ಒಂದು ಹನಿ ತಾಗಿದರೆ ತೂಕ ಇಳಿಸುವ ಉಪವಾಸಕ್ಕೆ ಏನೂ ಆಗುವುದಿಲ್ಲ, ಅದು ಈಗ ಗೊತ್ತು. ಆಗ ನಾನು ನಿಯಮಗಳ ಭಕ್ತೆಯಾಗಿದ್ದೆ.

ನನಗೆ ಆಗ 44 ವರ್ಷ, ಎತ್ತರ 157 ಸೆಂಟಿಮೀಟರ್, ತೂಕ 78.4 ಕಿಲೋ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.0 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು ಎನ್ನುತ್ತಾರೆ. ವೈದ್ಯರು ಗದರಲಿಲ್ಲ, ಮಾತ್ರೆಯನ್ನೂ ಬರೆಯಲಿಲ್ಲ. ತೂಕ ಇಳಿಸಿಕೊಂಡು ಆರು ತಿಂಗಳ ನಂತರ ಬನ್ನಿ ಎಂದರು. ಇಂಟರ್ಮಿಟೆಂಟ್ ಫಾಸ್ಟಿಂಗ್, ಅಂದರೆ ನಡುನಡುವೆ ಗೊತ್ತಾದ ಅವಧಿಗೆ ಉಪವಾಸ, ಮಾಡಲೇ ಎಂದು ಕೇಳಿದೆ. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಊಟ ಬಿಟ್ಟು ಆಮೇಲೆ ಮಿತಿಮೀರಿ ತಿನ್ನುವ ತೊಂದರೆ ಹಿಂದೆ ಯಾವಾಗಲಾದರೂ ಇತ್ತೇ, ಹೊಟ್ಟೆಹುಣ್ಣು ಇದೆಯೇ ಎಂದು ಮೂರು ಪ್ರಶ್ನೆ ಕೇಳಿ ಒಪ್ಪಿಗೆ ಕೊಟ್ಟರು.

ಕಚೇರಿಯಲ್ಲಿ ನನ್ನದು ಲೆಕ್ಕಪತ್ರ ವಿಭಾಗ. ಕ್ಯಾಲೊರಿ ಲೆಕ್ಕ ಹಾಕಿ ತಿನ್ನುವುದು ನನಗೆ ಸಲೀಸು ಎಂದು ನೀವು ಅಂದುಕೊಂಡರೆ ಅದು ತಪ್ಪು. ಹಿಂದೆ ಎರಡು ಸಲ ಪ್ರಯತ್ನಿಸಿದ್ದೆ, ಎರಡೂ ಸಲ ಮೂರನೆಯ ವಾರಕ್ಕೆ ಕೈಬಿಟ್ಟೆ. ಇಡೀ ದಿನ ಅಂಕಿ ತಾಳೆ ನೋಡಿದವಳಿಗೆ ಮನೆಗೆ ಬಂದು ಅನ್ನವನ್ನು ತೂಗುವುದೆಂದರೆ ಬೇಸರದ ಮೇಲೆ ಬೇಸರ. ಈ ಪದ್ಧತಿಯಲ್ಲಿ ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಗಂಟೆ ಎಷ್ಟು?

ವಾರದಲ್ಲಿ ಎರಡು ದಿನ 500ರಿಂದ 600 ಕ್ಯಾಲೊರಿಯಷ್ಟೇ ತಿನ್ನುವ 5:2, ದಿನ ಬಿಟ್ಟು ದಿನ ಮಾಡುವ ಉಪವಾಸ, ದಿನಕ್ಕೆ ಒಂದೇ ಊಟ, ಹೀಗೆ ಬಗೆಗಳು ಹಲವಿವೆ. ನಾನು ಆರಿಸಿಕೊಂಡದ್ದು 16 ಗಂಟೆ ಉಪವಾಸ, 8 ಗಂಟೆಯೊಳಗೆ ಊಟ. ಅದಕ್ಕೂ ಒಂದೇ ದಿನದಲ್ಲಿ ಹಾರಲಿಲ್ಲ. ಮೊದಲ ವಾರ 12 ಗಂಟೆ, ಎರಡನೆಯ ವಾರ 14, ಆಮೇಲೆ 16. ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಬಾಗಿಲು ತೆರೆದಿರುತ್ತದೆ, ಉಳಿದ ಹೊತ್ತಿಗೆ ನೀರು ಮತ್ತು ಹಾಲು ಸಕ್ಕರೆ ಇಲ್ಲದ ಕಾಫಿ. ಬೇಗ ಉಂಡು ಬೇಗ ಮುಗಿಸಿದರೆ ಇನ್ನೂ ಒಳ್ಳೆಯದು ಎಂಬ ವಾದವಿದೆ. 2018ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ 8 ಗಂಡಸರು ಮಧ್ಯಾಹ್ನ ಮೂರರೊಳಗೆ ಕೊನೆಯ ಊಟ ಮುಗಿಸುತ್ತಿದ್ದರು. ತೂಕ ಇಳಿಯದಿದ್ದರೂ ಅವರ ದೇಹ ಇನ್ಸುಲಿನ್‌ಗೆ ಸ್ಪಂದಿಸುವುದು ಸುಧಾರಿಸಿತ್ತು. ಇರಬಹುದು. ನಮ್ಮ ಮನೆಯಲ್ಲಿ ನಾಲ್ವರೂ ಒಟ್ಟಿಗೆ ಕೂರುವುದು ರಾತ್ರಿಯ ಊಟಕ್ಕೆ ಮಾತ್ರ. ಅದನ್ನು ಬಿಟ್ಟುಕೊಡಲು ನಾನು ಸಿದ್ಧಳಿರಲಿಲ್ಲ.

ಹದಿನಾರು ಗಂಟೆಯ ಮೊದಲ ವಾರವೇ 1.8 ಕಿಲೋ ಇಳಿಯಿತು. ಕುಣಿದಾಡುವಷ್ಟು ಸಂತೋಷವಾಯಿತು, ಆಮೇಲೆ ಅದರ ಕಾರಣ ಓದಿ ಇಳಿದುಹೋಯಿತು. ಯಕೃತ್ತು ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು 100 ಗ್ರಾಂ ಕೂಡಿಟ್ಟುಕೊಂಡಿರುತ್ತದೆ, ಸ್ನಾಯುಗಳಲ್ಲಿ ಅದಕ್ಕಿಂತ ಹೆಚ್ಚು. ಅದರ ಪ್ರತಿ ಗ್ರಾಮಿಗೂ ಮೂರು ಗ್ರಾಮಿನಷ್ಟು ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆಯಾದಾಗ ಮೊದಲು ಖರ್ಚಾಗುವುದು ಆ ದಾಸ್ತಾನು, ಅದರ ಜೊತೆಗೆ ನೀರೂ ಹೊರಡುತ್ತದೆ. ಎರಡನೆಯ ವಾರ ಇಳಿದದ್ದು 300 ಗ್ರಾಂ, ಮೂರನೆಯ ವಾರ ಸೊನ್ನೆ. ಇಲ್ಲಿಯೇ ಎಷ್ಟೋ ಜನ ನಿಲ್ಲಿಸಿಬಿಡುತ್ತಾರೆ ಎಂದು ನನ್ನ ಊಹೆ.

ಹಸಿವಿನ ವಿಷಯ ಹೇಳುತ್ತೇನೆ, ಅದೇ ಎಲ್ಲರಿಗೂ ಭಯ. ಕಚೇರಿಯಲ್ಲಿ ಹತ್ತೂಕಾಲಿಗೆ ಚಹಾ ಬರುತ್ತದೆ. ಮೊದಲ ಹತ್ತು ದಿನ ಆ ಹೊತ್ತಿಗೆ ನನ್ನ ಹೊಟ್ಟೆ ಪಕ್ಕದ ಮೇಜಿನವರಿಗೆ ಕೇಳಿಸುವಷ್ಟು ಗುರುಗುಡುತ್ತಿತ್ತು. ಬಿಸ್ಕತ್ತಿನ ಪೊಟ್ಟಣ ಬಿಚ್ಚುವ ಚರಪರ ಸದ್ದು ಮೂರು ಮೇಜುಗಳಾಚೆಯಿಂದ ಬಂದರೂ ಬಾಯಲ್ಲಿ ನೀರು. ಎಷ್ಟು ಹೊತ್ತು ಹೀಗೆ ಎಂದು ಒಂದು ದಿನ ಗಡಿಯಾರ ನೋಡಿಯೇ ಕೂತೆ. ಹತ್ತೂಕಾಲಿಗೆ ಶುರುವಾದದ್ದು ಹತ್ತೂವರೆಗೆ ಏರಿ, ಹತ್ತೂ ನಲವತ್ತಕ್ಕೆ ತಾನಾಗಿಯೇ ಕರಗಿತು. ತಿನ್ನದೆಯೂ ಹಸಿವು ಹೋಗುತ್ತದೆ ಎಂಬುದು 44 ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಹಸಿವನ್ನು ಕೆರಳಿಸುವ ಘ್ರೆಲಿನ್ ಎಂಬ ಹಾರ್ಮೋನು, ನಾವು ದಿನವೂ ತಿನ್ನುವ ಹೊತ್ತಿಗೆ ಸರಿಯಾಗಿ ಏರಿ ಆಮೇಲೆ ಇಳಿಯುತ್ತದೆಯಂತೆ. ನನ್ನ ಹಸಿವಿನ ಅರ್ಧಪಾಲು ಬರೀ ರೂಢಿ. ಎರಡು ವಾರ ಕಳೆದ ಮೇಲೆ ಚಹಾ ಬಂದದ್ದೂ ಹೋದದ್ದೂ ಗೊತ್ತಾಗದ ದಿನಗಳು ಬಂದವು.

ತಲೆನೋವು ಬೇರೆ ಕಥೆ. ಮೊದಲ ಐದು ದಿನ ಹಣೆಯಲ್ಲಿ ಸಿಡಿತ. ಉಪವಾಸದಿಂದ ಎಂದುಕೊಂಡಿದ್ದೆ, ಆದರೆ ಹಾಲು ಸಕ್ಕರೆಯ ಕಾಫಿ ಬಿಟ್ಟ ಭರದಲ್ಲಿ ಕಾಫಿಯನ್ನೇ ಬಿಟ್ಟಿದ್ದೆ. ಕಪ್ಪು ಕಾಫಿ ಶುರು ಮಾಡಿದ ದಿನವೇ ಸಿಡಿತ ನಿಂತಿತು. ಅದರ ಕಹಿ ಇವತ್ತಿಗೂ ಒಗ್ಗಿಲ್ಲ, ಔಷಧಿಯಂತೆ ಕುಡಿಯುತ್ತೇನೆ.

ಇನ್ನು ಬಾಗಿಲು ಮುಚ್ಚುವ ರಾತ್ರಿ ಎಂಟು ಗಂಟೆ. ನನ್ನ ಮಟ್ಟಿಗೆ ಇಡೀ ಪದ್ಧತಿಯ ಜೀವ ಇರುವುದು ಅಲ್ಲಿ. ಊಟವಾದ ಮೇಲೆ ಮಕ್ಕಳ ತಟ್ಟೆ ಎತ್ತುವವಳು ನಾನು. ಮಗನ ತಟ್ಟೆಯಲ್ಲಿ ಎರಡು ತುತ್ತು ಮೊಸರನ್ನ, ಮಗಳ ತಟ್ಟೆಯಂಚಿನಲ್ಲಿ ಅರ್ಧ ಮೊಟ್ಟೆ, ಪಾತ್ರೆಯ ತಳದಲ್ಲಿ ಡಬ್ಬಿಗೆ ಹಾಕಲು ಸಾಲದ, ಚೆಲ್ಲಲು ಮನಸ್ಸು ಬಾರದ ಒಂದು ಸೌಟು ಪಲ್ಯ. ಇವೆಲ್ಲ ಎಲ್ಲಿಗೆ ಹೋಗುತ್ತಿದ್ದವು? ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತೇ, ತಟ್ಟೆ ಬಳಿದು ನನ್ನ ಬಾಯಿಗೆ. ಅದನ್ನು ನಾನು ಊಟ ಎಂದು ಯಾವತ್ತೂ ಎಣಿಸಿರಲಿಲ್ಲ. "ನಾನು ತಿನ್ನುವುದೇ ಇಷ್ಟು, ಆದರೂ ದಪ್ಪಗಾಗುತ್ತೇನೆ" ಎಂದು ಎಲ್ಲರೆದುರು ಗೋಳಾಡುತ್ತಿದ್ದವಳು ಲೆಕ್ಕ ವಿಭಾಗದವಳು ಎಂದರೆ ಯಾರಾದರೂ ನಗಬೇಕು. ಬಾಗಿಲು ಮುಚ್ಚಿದ ಮೇಲೆ ಆ ತುತ್ತುಗಳೆಲ್ಲ ಚಿಕ್ಕ ಡಬ್ಬಿಗೆ ಹೋಗತೊಡಗಿದವು. ಕೆಲವು ಚೆಲ್ಲಿಯೂ ಹೋದವು, ಅದರ ಸಂಕಟ ಇದ್ದೇ ಇತ್ತು. ಒಂದು ತಿಂಗಳಲ್ಲಿ ಅಕ್ಕಿ ಅಳೆಯುವುದೇ ಅರ್ಧ ಲೋಟ ಕಡಿಮೆಯಾಯಿತು.

ನಾಲ್ಕನೆಯ ತಿಂಗಳಿಗೆ ತೂಕ 73.9ಕ್ಕೆ ಬಂದು ಅಲ್ಲಿಯೇ ನಿಂತಿತು. ಐದು ವಾರ ಅಲುಗಾಡಲಿಲ್ಲ. ಸಿಟ್ಟಿನಲ್ಲಿ 18 ಗಂಟೆ ಉಪವಾಸ ಮಾಡಿದೆ. ಅದರಿಂದ ಆದದ್ದು ಇಷ್ಟೇ: ಮಧ್ಯಾಹ್ನ ಎರಡಕ್ಕೆ ಡಬ್ಬಿಯ ಮೇಲೆ ಮುಗಿಬಿದ್ದು ನಾಲ್ಕೂವರೆಗೆ ಮೇಜಿನ ಮೇಲೆ ತೂಕಡಿಸಿದೆ. ಕೊನೆಗೆ ಬೇಡವೆಂದು ಬಿಟ್ಟಿದ್ದ ಕೆಲಸಕ್ಕೇ ಕೈಹಾಕಿದೆ. ಒಂದೇ ವಾರದ ಮಟ್ಟಿಗೆ ತಿಂದದ್ದನ್ನೆಲ್ಲ ಬರೆದೆ. ಮೂರನೆಯ ದಿನಕ್ಕೇ ಸೋರಿಕೆ ಸಿಕ್ಕಿತು. ಹೇಗೂ ಬಾಗಿಲು ತೆರೆದಿದೆಯಲ್ಲ ಎಂದು ಸಂಜೆ ಐದಕ್ಕೆ ಹುರಿದ ಕಡಲೆಬೀಜ, ಏಳೂ ಮುಕ್ಕಾಲಕ್ಕೆ "ಇನ್ನು ಹದಿನೈದೇ ನಿಮಿಷ" ಎಂಬ ಆತುರದಲ್ಲಿ ಹಸಿವಿಲ್ಲದಿದ್ದರೂ ಏನಾದರೊಂದು. ಒಂದು ಹಿಡಿ ಎಂದರೆ 30 ಗ್ರಾಂ ಕಡಲೆಬೀಜದಲ್ಲಿ ಸುಮಾರು 170 ಕ್ಯಾಲೊರಿ, ನನ್ನ ಹಿಡಿ ಒಂದಕ್ಕೆ ನಿಲ್ಲುತ್ತಿರಲಿಲ್ಲ.

ಆಗ ಕುಳಿತು ಅಧ್ಯಯನಗಳನ್ನು ಓದಿದೆ, ಮೊದಲೇ ಓದಬೇಕಿತ್ತು. 2022ರಲ್ಲಿ ಚೀನಾದಿಂದ ಬಂದ ಒಂದು ಅಧ್ಯಯನದಲ್ಲಿ ಬೊಜ್ಜು ಇರುವ 139 ಜನರನ್ನು ಎರಡು ಗುಂಪು ಮಾಡಿ, ಎರಡಕ್ಕೂ ಒಂದೇ ಬಗೆಯ ಕ್ಯಾಲೊರಿ ಮಿತಿ ಕೊಟ್ಟರು. ಒಂದು ಗುಂಪು ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಮಾತ್ರ ತಿನ್ನಬೇಕು, ಇನ್ನೊಂದಕ್ಕೆ ಹೊತ್ತಿನ ಕಟ್ಟಿಲ್ಲ. ಒಂದು ವರ್ಷದ ನಂತರ ಮೊದಲನೆಯವರು ಸರಾಸರಿ 8 ಕಿಲೋ, ಎರಡನೆಯವರು 6.3 ಕಿಲೋ ಇಳಿದಿದ್ದರು. ಆ ಅಂತರ ಆಕಸ್ಮಿಕವಲ್ಲ ಎನ್ನುವಷ್ಟು ದೊಡ್ಡದಲ್ಲ ಎಂಬುದು ಸಂಶೋಧಕರ ತೀರ್ಮಾನ. 2020ರ ಅಮೆರಿಕದ ಅಧ್ಯಯನವೊಂದು ಇನ್ನೂ ನಿಷ್ಠುರ. ಅದರಲ್ಲಿ 116 ಜನ, 12 ವಾರ, ನನ್ನದೇ ಹನ್ನೆರಡರಿಂದ ಎಂಟರ ಹೊತ್ತು, ಏನು ತಿನ್ನಬೇಕೆಂಬ ನಿರ್ಬಂಧವಿಲ್ಲ. ಸರಾಸರಿ ಇಳಿದದ್ದು ಒಂದು ಕಿಲೋಗಿಂತ ಕಡಿಮೆ, ದಿನಕ್ಕೆ ಮೂರು ಹೊತ್ತು ಉಂಡವರಿಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಗಡಿಯಾರ ಕೊಬ್ಬು ಕರಗಿಸುವುದಿಲ್ಲ. ನನ್ನ ವಿಷಯದಲ್ಲಿ ಅದು ತೊಟ್ಟಿಯ ಮುಂದಿನ ತುತ್ತುಗಳನ್ನು ಕಿತ್ತುಕೊಂಡಿತ್ತು, ಕಡಲೆಬೀಜ ಅವುಗಳ ಜಾಗಕ್ಕೆ ಬಂದು ಕೂತಿತ್ತು.

ಇಲ್ಲೊಂದು ಮಾತು. ಉಪವಾಸ ಮಾಡಿದರೆ ಜೀವಕೋಶಗಳು ತಮ್ಮ ಕಸವನ್ನು ತಾವೇ ತಿಂದು ಹೊಸದಾಗುತ್ತವೆ, ಅದಕ್ಕೆ ನೊಬೆಲ್ ಬಂದಿದೆ ಎಂದು ನನಗೆ ಕನಿಷ್ಠ ಐದು ಜನ ಹೇಳಿದ್ದಾರೆ. ಜಪಾನಿನ ಯೊಶಿನೊರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ನಿಜ, ಆಟೊಫೇಜಿ ಎಂಬ ಆ ಕ್ರಿಯೆಯ ಒಳಗುಟ್ಟನ್ನು ಬಿಡಿಸಿದ್ದಕ್ಕೆ. ಅವರ ಮುಖ್ಯ ಪ್ರಯೋಗ ನಡೆದದ್ದು ಯೀಸ್ಟ್ ಮೇಲೆ. ಬೆಳಗಿನ ತಿಂಡಿ ಬಿಟ್ಟವರಿಗೆ ಕೊಟ್ಟ ಪದಕ ಅದಲ್ಲ.

ಕಡಲೆಬೀಜದ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಏರಿಸಿದ ಮೇಲೆ ತೂಕ ಮತ್ತೆ ಇಳಿಯತೊಡಗಿತು, ಆದರೆ ಇನ್ನೊಂದು ವಿಷಯ ಗಮನಕ್ಕೆ ಬಂತು. ದಿನವೂ ತೆಗೆಯುತ್ತಿದ್ದ ಗಾಜಿನ ಜಾಡಿಯ ಮುಚ್ಚಳ ತಿರುಗಿಸಲು ಬಟ್ಟೆ ಸುತ್ತಬೇಕಾಯಿತು. ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತಿತ್ತು. ಕೊಬ್ಬಿನ ಜೊತೆಗೆ ಸ್ನಾಯುವೂ ಹೋಗುತ್ತಿತ್ತು. ಆ ಅಮೆರಿಕದ ಅಧ್ಯಯನದಲ್ಲೂ ಇದೇ ಕಂಡಿತ್ತು, ಪ್ರಯೋಗಾಲಯಕ್ಕೆ ಬಂದು ಅಳತೆ ಕೊಟ್ಟವರಲ್ಲಿ ಇಳಿದ ತೂಕದ ದೊಡ್ಡ ಪಾಲು ಕೊಬ್ಬೇ ಅಲ್ಲ. ಎರಡು ಊಟದಲ್ಲಿ ಮೂರು ಊಟದ ಪ್ರೋಟೀನ್ ತುಂಬಿಸಬೇಕೆಂದರೆ ಯೋಚಿಸಿಯೇ ತಿನ್ನಬೇಕು. ಹನ್ನೆರಡರ ಊಟದಲ್ಲಿ ಮೊದಲು ಮೊಟ್ಟೆ ಅಥವಾ ಕಾಳು, ಆಮೇಲೆ ತರಕಾರಿ, ಕೊನೆಗೆ ಅನ್ನ ಎಂದು ಸರದಿ ಬದಲಿಸಿದೆ. ದಿನಕ್ಕೆ 70 ಗ್ರಾಂ ಪ್ರೋಟೀನ್ ಗುರಿ, ಬಹಳ ದಿನ 60ಕ್ಕೆ ನಿಲ್ಲುತ್ತದೆ. ಬೆಳಗ್ಗೆ ಹಾಲು ಉಕ್ಕುವುದನ್ನು ಕಾಯುತ್ತಾ ಹದಿನೈದು ಬಸ್ಕಿ. ಈಗ ಮೂವತ್ತಕ್ಕೆ ಬಂದಿದೆ, ಎರಡು ಸಲ ಹಾಲೂ ಉಕ್ಕಿದೆ.

ತಿಂಗಳ ಮುಟ್ಟಿಗೆ ಮುಂಚಿನ ನಾಲ್ಕು ದಿನ ನಾನು ಹಟ ಹಿಡಿಯುತ್ತಿರಲಿಲ್ಲ. ಆಗ ಹಸಿವು ಹೆಚ್ಚು, ದೇಹ ನೀರು ಹಿಡಿದಿಟ್ಟುಕೊಂಡು ತೂಕ ಒಂದು ಕಿಲೋ ಏರಿರುತ್ತಿತ್ತು. ಆ ದಿನಗಳಲ್ಲಿ ಹತ್ತಕ್ಕೇ ಬಾಗಿಲು ತೆರೆಯುತ್ತಿದ್ದೆ, ತೂಕದ ಯಂತ್ರವನ್ನು ಮಂಚದ ಕೆಳಗೆ ತಳ್ಳುತ್ತಿದ್ದೆ.

ಬರೆಯಲೇಬೇಕಾದ ಘಟನೆ ಒಂದಿದೆ. ನಾನು ಇಳಿದದ್ದನ್ನು ನೋಡಿ ಪಕ್ಕದ ವಿಭಾಗದ ಹಿರಿಯರೊಬ್ಬರು ಯಾರಿಗೂ ಹೇಳದೆ ಶುರು ಮಾಡಿದ್ದರು. ಒಂದು ಬೆಳಗ್ಗೆ ಹನ್ನೊಂದರ ಸುಮಾರಿಗೆ ನನ್ನ ಮೇಜಿನ ಹತ್ತಿರ ಬಂದು "ಮೇಡಂ, ನಾನೂ ನಿಮ್ಮ ಹಾಗೆಯೇ ಮಾಡುತ್ತಿದ್ದೇನೆ, ಇವತ್ತು ಯಾಕೋ..." ಎಂದವರು ಮಾತು ಮುಗಿಸಲಿಲ್ಲ. ಅಂಗಿಯ ಕಾಲರು ಬೆವರಿನಿಂದ ತೊಯ್ದಿತ್ತು, ಹಿಡಿದ ಪೆನ್ನು ಮೇಜಿನ ಮೇಲೆ ಟಕಟಕ ಬಡಿಯುತ್ತಿತ್ತು. ಸಕ್ಕರೆ ಕಲಸಿದ ನೀರು ಕುಡಿಸಿ ಕೂರಿಸಿದೆವು. ಹತ್ತು ನಿಮಿಷದಲ್ಲಿ ಮುಖಕ್ಕೆ ಬಣ್ಣ ಬಂತು. ಮಧುಮೇಹಕ್ಕೆ ಗ್ಲಿಮೆಪಿರೈಡ್ ಮಾತ್ರೆಯನ್ನು ಎಂದಿನಂತೆ ಬೆಳಗ್ಗೆ ನುಂಗಿದ್ದರು, ತಿಂಡಿ ಮಾತ್ರ ಬಿಟ್ಟಿದ್ದರು. ಆ ಮಾತ್ರೆ ನೀವು ಉಂಡಿದ್ದೀರೋ ಇಲ್ಲವೋ ಎಂದು ಕೇಳದೆ ಇನ್ಸುಲಿನ್ ಸುರಿಸುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಗರ್ಭಿಣಿಯರು, ಹಾಲೂಡಿಸುವವರು, ಬೆಳೆಯುವ ಮಕ್ಕಳು, ತಿನ್ನುವುದರ ಬಗೆಗೇ ಮನಸ್ಸಿನ ತೊಂದರೆ ಅನುಭವಿಸಿದವರು ಇದರ ತಂಟೆಗೆ ಹೋಗಬಾರದು. ಅಂದಿನಿಂದ ಯಾರಾದರೂ "ಹೇಗೆ ಇಳಿದಿರಿ" ಎಂದರೆ ನಾನು ಮೊದಲು ಕೇಳುವುದು ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು.

ಹದಿಮೂರು ತಿಂಗಳಿಗೆ 69.1 ಕಿಲೋ. ಒಟ್ಟು ಇಳಿದದ್ದು 9.3. ಎಚ್‌ಬಿಎ1ಸಿ 5.6. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂಬ ಒರಟು ಲೆಕ್ಕ ಹಿಡಿದು ಭಾಗಿಸಿದೆ. ಬಂದದ್ದು ದಿನಕ್ಕೆ ಸರಾಸರಿ 180. ಹೊಟ್ಟೆ ಗುರುಗುಟ್ಟಿಸಿಕೊಂಡು, ಕಹಿ ಕಾಫಿ ಕುಡಿದು, ಬಸ್ಕಿ ಹೊಡೆದು ನಾನು ದಿನಕ್ಕೆ ಉಳಿಸಿದ್ದು ಒಂದು ಹಿಡಿ ಕಡಲೆಬೀಜ, ಇಲ್ಲವೇ ತೊಟ್ಟಿಯ ಮುಂದೆ ಬಳಿದು ತಿನ್ನುತ್ತಿದ್ದ ಆ ನಾಲ್ಕು ತುತ್ತು.

ಈಗ ವಾರಕ್ಕೆ ಐದು ದಿನ 14 ಗಂಟೆ, ಶನಿವಾರ ಭಾನುವಾರ ಎಲ್ಲರ ಜೊತೆ ಬೆಳಗಿನ ತಿಂಡಿ. ತೂಕ 69 ಮತ್ತು 70ರ ನಡುವೆ ಓಲಾಡುತ್ತದೆ. 70.5 ದಾಟಿದರೆ ಒಂದು ವಾರ ಪುಸ್ತಕ ತೆಗೆದು ಬರೆಯುತ್ತೇನೆ. ಕಳೆದ ವರ್ಷ ಮೂರು ಸಲ ತೆಗೆಯಬೇಕಾಯಿತು, ಮೂರು ಸಲವೂ ಅಟ್ಟದ ಮೇಲಿದ್ದ ಡಬ್ಬಿ ಹೇಗೋ ಕೆಳಗಿಳಿದು ಬಂದಿತ್ತು.