ಮುಂಗಾರಿಗೆ ಶಿಲೀಂಧ್ರ, ಹಿಂಗಾರಿಗೆ ನಂಜಾಣು: ನನ್ನ ಅನುಭವ

ಕುಂದಗೋಳ ತಾಲೂಕಿನ ನಮ್ಮ ಹೊಲದಲ್ಲಿ ಮುಂಗಾರಿಗೆ ಗೋವಿನಜೋಳವನ್ನು, ಹೆಸರು ಒಕ್ಕಿದ ಎರೆಪಟ್ಟಿಯಲ್ಲಿ ಹಿಂಗಾರಿಗೆ ಕಡಲೆಯನ್ನು ಬೆಳೆಯುತ್ತೇನೆ. ಎರಡೂ ಬೆಳೆಗಳ ಹುಳುಗಳಿಗೆ ಸೂಕ್ಷ್ಮಾಣುಗಳಿಂದ ತಯಾರಾದ ಕೀಟನಾಶಕಗಳನ್ನೇ ಮೊದಲು ಬಳಸುತ್ತ ಬಂದಿದ್ದೇನೆ. ಇವುಗಳ ಫಲ ಪೊಟ್ಟಣದ ಮೇಲೆ ಬರೆದ ಪ್ರಮಾಣಕ್ಕಿಂತ ಹೆಚ್ಚಾಗಿ ಹವೆ, ಸಿಂಪಡಿಸುವ ಹೊತ್ತು ಮತ್ತು ಹುಳುವಿನ ವಯಸ್ಸನ್ನು ಅವಲಂಬಿಸಿರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

2018ರಲ್ಲಿ ಶಿವಮೊಗ್ಗ ಭಾಗದಲ್ಲಿ ಮೊದಲು ಕಾಣಿಸಿಕೊಂಡ, ಗೋವಿನಜೋಳವನ್ನು ತಿನ್ನುವ ಫಾಲ್ ಸೈನಿಕ ಹುಳು ಬೇಗನೆ ನಮ್ಮ ಕಡೆಗೂ ಹರಡಿತು. ಇದಕ್ಕೆ ನಾನು ಬಳಸುವುದು ಮೆಟಾರೈಜಿಯಂ ರಿಲೈ ಎಂಬ ಶಿಲೀಂಧ್ರ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಬಹುಕಾಲದಿಂದ ಕೆಲಸ ಮಾಡಿರುವ ಇದನ್ನು ರೈತರು ಇಂದಿಗೂ ಅದರ ಹಳೆಯ ಹೆಸರಾದ ನೊಮೂರಿಯಾ ಎಂದೇ ಕೇಳಿ ಪಡೆಯುತ್ತಾರೆ. ಎಲೆಯ ಮೇಲೆ ಹೆರೆದಂಥ ಬಿಳಿ ಕಲೆಗಳು ಕಂಡ ಕೂಡಲೇ, ಹುಳು ಸುಳಿಯ ಆಳಕ್ಕೆ ಇಳಿಯುವ ಮೊದಲೇ, ಲೀಟರ್ ನೀರಿಗೆ 2 ಗ್ರಾಂನಂತೆ ಬೆರೆಸಿ ಸುಳಿಯೊಳಗೆ ಬೀಳುವಂತೆ ಹೊಡೆಯುತ್ತೇನೆ. ಬೀಜಕಣ ಹುಳುವಿನ ಚರ್ಮಕ್ಕೆ ಅಂಟಿ, ಮೊಳೆತು, ಒಳಗೆ ಇಳಿಯಬೇಕಾದ್ದರಿಂದ ಗಾಳಿಯಲ್ಲಿ ತೇವವಿರಲೇಬೇಕು. ಜಿಟಿಜಿಟಿ ಮಳೆಯ ದಿನಗಳಲ್ಲಿ ಸತ್ತ ಹುಳುಗಳು ಸೀಮೆಸುಣ್ಣದ ತುಂಡಿನಂತೆ ಬಿಳಿಯಾಗಿ ಸೆಟೆದು, ಮುಂದೆ ತಿಳಿಹಸಿರಿಗೆ ತಿರುಗುತ್ತವೆ. ಮಳೆ ಕೈಕೊಟ್ಟು ಒಣ ಗಾಳಿ ಬೀಸುವಾಗ ಅದೇ ಪುಡಿಯಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು. ಹುಳು ಬಲಿತು ಸುಳಿಯ ತುಂಬ ಹಿಕ್ಕೆ ಕಂಡರೆ ಎಮಾಮೆಕ್ಟಿನ್ ಬೆಂಜೊಯೇಟ್ ಎಂಬ ರಾಸಾಯನಿಕ ಹೊಡೆಯಲು ನಾನು ಹಿಂಜರಿಯುವುದಿಲ್ಲ. ರೋಗಕ್ಕೆ ಹೊಡೆಯುವ ಶಿಲೀಂಧ್ರನಾಶಕವನ್ನು ಮಾತ್ರ ಮೆಟಾರೈಜಿಯಂ ಪುಡಿಯೊಡನೆ ಬೆರೆಸಲೇಬಾರದು. ಅದು ನಾವು ಹಣ ಕೊಟ್ಟು ತಂದ ಶಿಲೀಂಧ್ರವನ್ನೇ ಕೊಲ್ಲುತ್ತದೆ.

ಕಡಲೆಯ ಮಾತೇ ಬೇರೆ. ಹಿಂಗಾರಿಯ ಒಣ ಹವೆಯಲ್ಲಿ ಹಸಿರು ಕಾಯಿಕೊರಕಕ್ಕೆ ಎನ್.ಪಿ.ವಿ. ಎಂಬ ನಂಜಾಣು (ವೈರಸ್) ಹೆಚ್ಚು ಒಗ್ಗುತ್ತದೆ, ಏಕೆಂದರೆ ಅದು ಚರ್ಮದಿಂದಲ್ಲ, ಹುಳು ತಿಂದ ಸೊಪ್ಪಿನೊಡನೆ ಕರುಳಿಗೆ ಸೇರಿ ಕೆಲಸ ಮಾಡುತ್ತದೆ. ಗಂಡು ಪತಂಗಗಳನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆಗಳನ್ನು ಎಕರೆಗೆ ಎರಡರಂತೆ ಕಟ್ಟಿ, ಪತಂಗಗಳು ಬೀಳತೊಡಗಿದ ಮೇಲೆ ಕುಡಿಗಳಲ್ಲಿ ತತ್ತಿ ಮತ್ತು ಮರಿಹುಳುಗಳನ್ನು ಹುಡುಕುತ್ತೇನೆ. ಎಕರೆಗೆ 100 ಎಲ್.ಇ. (ಒಂದು ಎಲ್.ಇ. ಎಂದರೆ ಸುಮಾರು ಒಂದು ಸತ್ತ ಹುಳುವಿನಲ್ಲಿರುವಷ್ಟು ನಂಜಾಣು) ಪ್ರಮಾಣದ ದ್ರಾವಣವನ್ನು 200 ಲೀಟರ್ ನೀರಿಗೆ ಹಾಕಿ, ಹುಳು ಆಸೆಯಿಂದ ತಿನ್ನಲೆಂದು 1 ಕೆ.ಜಿ. ಬೆಲ್ಲವನ್ನೂ, ಬಿಸಿಲಿನಿಂದ ನಂಜಾಣು ಕೆಡದಿರಲೆಂದು ಬಟ್ಟೆ ಬಿಳುಪಿಗೆ ಬಳಸುವ ರಾಣಿಪಾಲನ್ನೂ ಸೇರಿಸುತ್ತೇನೆ. ಹೊತ್ತು ಇಳಿದ ಮೇಲೆಯೇ ಸಿಂಪಡಣೆ. ಕೂಲಿಯವರು ಸಂಜೆ ಸಿಗುವುದಿಲ್ಲವೆಂದು ಮಧ್ಯಾಹ್ನದ ಬಿಸಿಲಿಗೇ ಹೊಡೆಸುವವರು ಔಷಧವನ್ನು ದೂರುವುದರಲ್ಲಿ ಅರ್ಥವಿಲ್ಲ.

ಸಿಂಪಡಿಸಿದ ಮರುದಿನ ಹೊಲ ನೋಡಿದವರಿಗೆ ಏನೂ ಆಗಿಲ್ಲವೆನಿಸುತ್ತದೆ. ನಾಲ್ಕರಿಂದ ಏಳು ದಿನಗಳೊಳಗೆ ಸೋಂಕಿದ ಹುಳುಗಳು ಗಿಡದ ತುದಿಗೆ ಹತ್ತಿ, ಹಿಂಗಾಲುಗಳಿಂದ ಜೋತು, ತಲೆಕೆಳಗಾಗಿ ಸಾಯುತ್ತವೆ. ಮುಟ್ಟಿದರೆ ಚರ್ಮ ಒಡೆದು ರಸ ಸುರಿಯುತ್ತದೆ, ಅದು ಬಿದ್ದ ಎಲೆಯನ್ನು ತಿಂದ ಹುಳುವಿಗೂ ರೋಗ ತಗಲುತ್ತದೆ. ಅಷ್ಟರೊಳಗೆ ತಾಳ್ಮೆಗೆಟ್ಟು ರಾಸಾಯನಿಕ ಹೊಡೆದರೆ, ಕಾಯಿಕೊರಕವನ್ನು ಒಳಗಿನಿಂದಲೇ ತಿಂದು ಮುಗಿಸುವ ಕ್ಯಾಂಪೊಲೆಟಿಸ್ ಕಣಜವೂ ಉಳಿಯುವುದಿಲ್ಲ. ಎನ್.ಪಿ.ವಿ.ಯಿಂದ ಆ ಕಣಜಕ್ಕೆ ನೇರ ಹಾನಿಯಿಲ್ಲ. ಒಂದು ಎಚ್ಚರಿಕೆಯೂ ಬೇಕು: ಕಾಯಿಕೊರಕದ ಎನ್.ಪಿ.ವಿ. ಲದ್ದಿಹುಳುವಿಗೆ ನಾಟುವುದಿಲ್ಲ, ಅದಕ್ಕೆ ಬೇರೆಯದೇ ಇದೆ. ಕೊಳ್ಳುವಾಗ ಯಾವ ಹುಳುವಿನದು ಎಂದು ಓದಿ ನೋಡಬೇಕು.

ಜೋತುಬಿದ್ದ ದೊಡ್ಡ ಹುಳುಗಳನ್ನು ಆರಿಸಿ, ನೀರಿನಲ್ಲಿ ಕೊಳೆಸಿ, ಅರೆದು, ತೆಳು ಬಟ್ಟೆಯಲ್ಲಿ ಸೋಸಿ ನಾನೇ ದ್ರಾವಣ ಮಾಡಿಕೊಳ್ಳುವುದೂ ಉಂಟು. ಚೆನ್ನಾಗಿ ಬಲಿತು ಸತ್ತ ಒಂದು ಹುಳುವನ್ನು ಸುಮಾರು ಒಂದು ಎಲ್.ಇ. ಎಂದು ಲೆಕ್ಕ ಹಿಡಿಯುತ್ತಾರಾದರೂ ಮನೆಯ ದ್ರಾವಣದ ಕಸುವು ಪ್ರತಿ ಸಲವೂ ಒಂದೇ ಇರುವುದಿಲ್ಲ. ಆದ್ದರಿಂದ ಮೊದಲ ಸಿಂಪಡಣೆಗೆ ಖರೀದಿಸಿದ್ದನ್ನೂ, ಎರಡನೆಯದಕ್ಕೆ ಮನೆಯದನ್ನೂ ಬಳಸುತ್ತೇನೆ.